ಕಂಬಳಿ ಹಂಚಿದ ಮೇಲೆ: ಮಲೆನಾಡಿನ ಧರ್ಮಕೇಂದ್ರದಲ್ಲಿ ನ್ಯಾಯದ ಕೆಲಸ ಶುರುಮಾಡುವ ಬಗೆ

ಕ್ರಿಸ್ಮಸ್‌ಗೆ ಇನ್ನೂ ಮೂರು ದಿನ ಇತ್ತು. ನಮ್ಮ ಧರ್ಮಕೇಂದ್ರದಿಂದ, ಅಂದರೆ ಊರಿನ ಕಥೋಲಿಕ ಚರ್ಚಿನಿಂದ, ಕಂಬಳಿ ಹಂಚಲು ಅಡಿಕೆ ತೋಟದ ಆಚೆಗಿನ ಕಾಲೊನಿಗೆ ಹೋಗಿದ್ದೆವು. ಕೊನೆಯ ಮನೆಯ ಅಜ್ಜಿ ಕಂಬಳಿಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು ಒಳಗೆ ಹೋಗಿ ತಗಡಿನ ಟ್ರಂಕ್ ತೆರೆದರು. ಹಿಂದಿನ ಎರಡು ವರ್ಷಗಳ ಕಂಬಳಿಗಳು ಅಲ್ಲಿ ಮಡಿಕೆ ಬಿಚ್ಚದೆ ಕೂತಿದ್ದವು. ಮೂರನೆಯದನ್ನು ಅವುಗಳ ಮೇಲಿಟ್ಟು ಹೊರಗೆ ಬಂದು ಕೇಳಿದರು: "ಚಳಿಗೆ ಇದು ಸಾಕು ತಮ್ಮಾ. ಪಿಂಚಣಿ ಬಂದು ಏಳು ತಿಂಗಳಾಯಿತು. ಅದನ್ನು ಯಾರ ಹತ್ತಿರ ಕೇಳಬೇಕು?"

ನಾವು ಆರು ಜನ ಇದ್ದೆವು. ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ಹಬ್ಬ ಕಳೆದ ಮೇಲೆ ಅಜ್ಜಿಯನ್ನು ಕರೆದುಕೊಂಡು ಒಮ್ಮೆ ನಾಡಕಚೇರಿಗೆ, ಎರಡು ಬಾರಿ ಬ್ಯಾಂಕಿಗೆ ಹೋದೆವು. ಪಿಂಚಣಿ ನಿಂತೇ ಇರಲಿಲ್ಲ. ಮಹಿಳಾ ಸಂಘದ ಸಾಲಕ್ಕೆಂದು ಅವರು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು; ಆಗ ಅವರ ಆಧಾರ್ ಆ ಹೊಸ ಖಾತೆಗೆ ಜೋಡಣೆಯಾಗಿ, ಸರ್ಕಾರದ ಹಣ ಅಲ್ಲಿಗೆ ಹೋಗಿ ಬೀಳುತ್ತಿತ್ತು. ಆ ಪಾಸ್‌ಬುಕ್ ಇರುವುದನ್ನೇ ಅಜ್ಜಿ ಮರೆತಿದ್ದರು. ನಮಗೆ ಖರ್ಚಾದದ್ದು ಬಸ್ ಚಾರ್ಜು ಮತ್ತು ಮೂರು ಬೆಳಗ್ಗೆ. ಮೂರು ವರ್ಷದ ಕಂಬಳಿಗಳಿಂದ ಆಗದ ಕೆಲಸ ಆ ಮೂರು ಬೆಳಗ್ಗೆಯಲ್ಲಿ ಆಯಿತು.

ಅಂದಿನಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪ, ಬಾಳೆಹೊನ್ನೂರು ಕಡೆಯ ಯಾವುದೇ ಚಿಕ್ಕ ಧರ್ಮಕೇಂದ್ರ ಇದನ್ನು ಮಾಡಬಹುದು. ಒಬ್ಬರ ಅಹವಾಲನ್ನು ಕೈಗೆತ್ತಿಕೊಂಡು ಅದು ಮುಗಿಯುವ ತನಕ ಬಿಡದಿರುವುದು, ಇಷ್ಟೇ ಈ ಕೆಲಸದ ತಿರುಳು. ಉಳಿದದ್ದೆಲ್ಲ ಅದಕ್ಕೆ ಬೇಕಾದ ಸಿದ್ಧತೆ.

ಮೊದಲು ಪೂಜೆಯಿಂದಲೇ ಶುರುಮಾಡಿ

"ಇದು ರಾಜಕೀಯ, ಚರ್ಚಿಗೇಕೆ?" ಎಂಬ ಮಾತು ಮೊದಲ ಸಭೆಯಲ್ಲೇ ಬರುತ್ತದೆ. ಕೇಳಿದವರ ಮೇಲೆ ಸಿಟ್ಟಾಗಬೇಡಿ. ಬೈಬಲ್ ತೆರೆದು, ಹಸಿದವರಿಗೆ ಮಾಡಿದ್ದು ನನಗೇ ಮಾಡಿದಂತೆ ಎಂದು ಯೇಸು ಹೇಳುವ ಮತ್ತಾಯನ 25ನೇ ಅಧ್ಯಾಯವನ್ನು ಒಟ್ಟಿಗೆ ಓದಿ. ಬಟ್ಟೆಯಿಲ್ಲದ, ಹಸಿದ ಸಹೋದರನಿಗೆ ಏನನ್ನೂ ಕೊಡದೆ "ಸಮಾಧಾನದಿಂದ ಹೋಗು" ಎಂದರೆ ಪ್ರಯೋಜನವೇನು ಎಂದು ಯಾಕೋಬನ ಪತ್ರ 2ನೇ ಅಧ್ಯಾಯದಲ್ಲಿ ಕೇಳುತ್ತದೆ, ಅದನ್ನೂ ಓದಿ. ಕಾರ್ಮಿಕರ ಕೂಲಿ ಮತ್ತು ಸಂಘಟನೆಯ ಹಕ್ಕಿನ ಬಗ್ಗೆ ಪೋಪ್ ಹದಿಮೂರನೇ ಲಿಯೋ 1891ರಲ್ಲೇ ಬರೆದರು. ಈ ಕಾಲದ ಜನರ, ಅದರಲ್ಲೂ ಬಡವರ ಸುಖದುಃಖಗಳು ಕ್ರಿಸ್ತನ ಶಿಷ್ಯರ ಸುಖದುಃಖಗಳೂ ಹೌದು ಎಂಬ ಮಾತಿನಿಂದಲೇ ಎರಡನೇ ವ್ಯಾಟಿಕನ್ ಮಹಾಸಭೆಯ 1965ರ ದಾಖಲೆಯೊಂದು ಆರಂಭವಾಗುತ್ತದೆ. ನಾವು ಹೊಸತೇನನ್ನೂ ಕಂಡುಹಿಡಿಯುತ್ತಿಲ್ಲ. ಧರ್ಮಸಭೆ ನೂರು ವರ್ಷಕ್ಕೂ ಮೇಲೆ ಹೇಳಿಕೊಂಡು ಬಂದದ್ದನ್ನು ನಮ್ಮ ಊರಿನಲ್ಲಿ ಮಾಡುತ್ತಿದ್ದೇವೆ.

ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಊರಿನ ನಿಜವಾದ ಸಂಕಟವೊಂದನ್ನು ಸೇರಿಸಿ. "ಲೋಕದ ಎಲ್ಲ ಬಡವರಿಗಾಗಿ" ಎನ್ನುವುದಕ್ಕಿಂತ "ಈ ವಾರ ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದು ಮಲಗಿರುವ ನಮ್ಮ ಸಹೋದರನಿಗಾಗಿ" ಎಂದಾಗ ಜನ ತಲೆಯೆತ್ತಿ ನೋಡುತ್ತಾರೆ. ಹೀಗೆ ಹೇಳುವ ಮುನ್ನ ಆ ಮನೆಯವರನ್ನು ಒಂದು ಮಾತು ಕೇಳಿ.

ಫಾದರ್ ಒಪ್ಪಿಗೆ, ಏಳು ಜನರ ತಂಡ

ಧರ್ಮಕೇಂದ್ರದ ಗುರುಗಳ ಒಪ್ಪಿಗೆಯಿಲ್ಲದೆ ಇದು ನಡೆಯದು. ಅವರೊಬ್ಬರನ್ನೇ ನೆಚ್ಚಿಕೊಂಡರೂ ನಡೆಯದು. ಕೆಲವು ವರ್ಷಗಳಿಗೊಮ್ಮೆ ಅವರಿಗೆ ವರ್ಗವಾಗುತ್ತದೆ. ಆದ್ದರಿಂದ ವಿಷಯವನ್ನು ಪಾಲನಾ ಪರಿಷತ್ತಿನಲ್ಲಿಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿ. ಪಾಲನಾ ಪರಿಷತ್ತು ಸಲಹೆ ಕೊಡುವ ಸಭೆ ಮಾತ್ರ ಎಂಬುದು ನೆನಪಿರಲಿ. ಹಣಕಾಸು ಸಮಿತಿಯಾದರೆ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಎರಡರಿಂದಲೂ ಒಬ್ಬೊಬ್ಬರು ನಿಮ್ಮ ತಂಡದಲ್ಲಿರಲಿ.

ಉಳಿದವರನ್ನು ಹೀಗೆ ಹುಡುಕಿ: ಕಡತ ಓದಬಲ್ಲ ನಿವೃತ್ತ ಮೇಷ್ಟ್ರೊಬ್ಬರು, ಮೊಬೈಲಿನಲ್ಲಿ ಅರ್ಜಿ ಹಾಕಬಲ್ಲ ಹುಡುಗ ಅಥವಾ ಹುಡುಗಿ, ಮನೆಮನೆ ಬಲ್ಲ ಸಿಸ್ಟರ್ ಇಲ್ಲವೇ ಆಶಾ ಕಾರ್ಯಕರ್ತೆ. ಇಷ್ಟು ಸುಲಭವಾಗಿ ಸಿಗುತ್ತಾರೆ. ಯಾರ ಸಮಸ್ಯೆಯನ್ನು ಕೈಗೆತ್ತಿಕೊಳ್ಳಬೇಕೆಂದಿದ್ದೀರೋ ಆ ಕಾಲೊನಿಯಿಂದ ಕಡಿಮೆಯೆಂದರೆ ಇಬ್ಬರು ತಂಡದಲ್ಲಿರಬೇಕು ಎಂಬುದು ಕಷ್ಟದ ಮಾತು, ನನ್ನ ಮಟ್ಟಿಗೆ ಬಿಡಲಾಗದ ಮಾತು. ಅವರಿಲ್ಲದ ತಂಡ ಒಂದೇ ವರ್ಷದಲ್ಲಿ ಮತ್ತೆ ಕಂಬಳಿ ಹಂಚುವ ತಂಡವಾಗುತ್ತದೆ.

ಸಭೆ ಕರೆಯುವ ಹೊತ್ತನ್ನೂ ಅವರನ್ನು ಕೇಳಿಯೇ ಗೊತ್ತುಮಾಡಿ. ಕೂಲಿಗೆ ಹೋಗುವವರಿಗೆ ಶನಿವಾರ ಬೆಳಿಗ್ಗೆ ಹತ್ತು ಗಂಟೆಯ ಸಭೆಯೆಂದರೆ ಒಂದು ದಿನದ ಕೂಲಿ ಹೋದಂತೆ.

ಕೇಳಲು ಹೋಗುವುದು

ಈ ಹೆಜ್ಜೆಗೆ ಎರಡು ತಿಂಗಳು ಕೊಡಿ. ನಮ್ಮಲ್ಲಿ ಕೊಂಕಣಿ ಮನೆಗಳಿಗೆ ವಾಡೊ ಎಂಬ ಮನೆಗುಂಪು ಇದೆ, ಅದರ ಮುಂದಾಳು ಗುರ್ಕಾರ್ ಇದ್ದಾರೆ. ಕನ್ನಡದ ಮನೆಗಳಲ್ಲಿ ಕಿರು ಕ್ರೈಸ್ತ ಸಮುದಾಯದ ಕೂಟವಿದೆ. ಭದ್ರಾವತಿ ಕಡೆ ತಮಿಳು ಮಾತನಾಡುವ ಕುಟುಂಬಗಳೂ ಇವೆ. ಈ ಕೂಟಗಳ ಮೂಲಕ ಮನೆಮನೆಗೆ ಹೋಗಿ, ಆದರೆ ಕಥೋಲಿಕರ ಮನೆಗೇ ನಿಲ್ಲಬೇಡಿ. ಒಂದೇ ಬಾವಿಯ ನೀರು ಕುಡಿಯುವ ಮನೆಗಳನ್ನೆಲ್ಲ ಒಂದೇ ಸುತ್ತಿನಲ್ಲಿ ನೋಡಿ.

ಹೊತ್ತು ನೋಡಿಕೊಂಡು ಹೋಗಬೇಕು. ಕೊನೆ ಕೊಯ್ಲಿನ ದಿನಗಳಲ್ಲಿ ಹಗಲು ಯಾರೂ ಮನೆಯಲ್ಲಿರುವುದಿಲ್ಲ. ರಾತ್ರಿ ಅಡಿಕೆ ಸುಲಿಯುವ ಚಪ್ಪರಕ್ಕೆ ಹೋಗಿ ಕುಳಿತರೆ ಊರಿನ ಕಥೆಯೆಲ್ಲ ಕೇಳಿಸುತ್ತದೆ. ಅಲ್ಲಿ ಬಲ್ಬಿನ ಕೆಳಗೆ ಸಾಲಾಗಿ ಮೆಟ್ಟುಗತ್ತಿಗಳು, ಪ್ರತಿ ಕತ್ತಿಯ ಮುಂದೆ ಒಬ್ಬ ಹೆಂಗಸು. ಮಾತು ನಿಂತರೂ ಕೈ ನಿಲ್ಲುವುದಿಲ್ಲ. ಒಮ್ಮೆ ಹಾಗೆ ಕುಳಿತಿದ್ದಾಗ ಒಬ್ಬಾಕೆ ತನ್ನ ಹೆಬ್ಬೆರಳನ್ನು ನನ್ನ ಮುಖದ ಹತ್ತಿರ ಹಿಡಿದರು. ಚೊಗರು ಕಚ್ಚಿ ಕಪ್ಪಾಗಿ, ಕತ್ತಿಯ ಗೀರುಗಳು ತುಂಬಿ, ಗೆರೆಯೇ ಕಾಣದಷ್ಟು ಸವೆದಿತ್ತು. "ಈ ಬೆರಳನ್ನು ರೇಷನ್ ಅಂಗಡಿಯ ಮಿಷನ್ ಒಪ್ಪುವುದಿಲ್ಲ ಅಣ್ಣಾ. ಎರಡು ತಿಂಗಳು ಅಕ್ಕಿ ಸಿಗಲಿಲ್ಲ." ಎಷ್ಟೋ ಜನರ ಅಡಿಕೆ ಸುಲಿದ ಬೆರಳು, ತನ್ನ ಮನೆಯ ಅಕ್ಕಿಗೆ ಗುರುತಾಗಲಿಲ್ಲ. ಬೆರಳಚ್ಚು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು ಎಂಬ ಸೂಚನೆ ಕೇಂದ್ರ ಸರ್ಕಾರದಿಂದಲೇ ಇದೆ. ಮನೆಯ ಬೇರೆ ಸದಸ್ಯರ ಬೆರಳಚ್ಚು ಕೊಡಬಹುದು, ಮೊಬೈಲಿಗೆ ಒಟಿಪಿ ತರಿಸಬಹುದು, ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಬಹುದು. ಇದನ್ನು ತಿಳಿದವರೊಬ್ಬರು ಅವರ ಜೊತೆ ಅಂಗಡಿಯ ತನಕ ಹೋಗಬೇಕಿತ್ತು, ಅಷ್ಟೇ.

ಮುದ್ರಿತ ಫಾರ್ಮು ಹಿಡಿದು ಹೋಗಬೇಡಿ. ಮೂರು ಪ್ರಶ್ನೆ ಸಾಕು: ಯಾವುದು ಬರಬೇಕಿತ್ತು, ಬರಲಿಲ್ಲ? ಎಲ್ಲಿ ಕೇಳಿದಿರಿ? ಅವರು ಏನೆಂದರು? ಹಿಂದಿರುಗಿದ ಮೇಲೆ ಉದ್ದ ಪುಸ್ತಕವೊಂದರಲ್ಲಿ ದಿನಾಂಕ, ಹೆಸರು, ವಿಷಯ, ಯಾವ ಕಾಗದ ಇದೆ, ಎಲ್ಲಿ ತಡೆದಿದೆ ಎಂದು ಬರೆದಿಡಿ. ಫೋಟೊ ತೆಗೆಯಬೇಡಿ. ಆಧಾರ್ ಪ್ರತಿಗಳನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಪುಸ್ತಕ ಯಾರದೋ ಮನೆಯಲ್ಲಿರದೆ ಧರ್ಮಕೇಂದ್ರದ ಕಚೇರಿಯ ಕಪಾಟಿನಲ್ಲಿ ಬೀಗದೊಳಗಿರಲಿ. ಫಾದರ್ ಬದಲಾದರೂ ತಂಡ ಬದಲಾದರೂ ಅದು ಉಳಿಯಬೇಕು.

ಒಂದನ್ನು ಆರಿಸುವುದು

ಎರಡು ತಿಂಗಳಲ್ಲಿ ಪುಸ್ತಕ ತುಂಬುತ್ತದೆ. ಎಲ್ಲವನ್ನೂ ಹಿಡಿಯಲು ಹೋದರೆ ಯಾವುದೂ ಮುಗಿಯುವುದಿಲ್ಲ. ಬೆಲ್ಜಿಯಂನ ಯಾಜಕ ಜೋಸೆಫ್ ಕಾರ್ಡಿನ್ ಯುವ ಕಾರ್ಮಿಕರಿಗೆ ಕಲಿಸಿದ "ನೋಡು, ವಿವೇಚಿಸು, ಕಾರ್ಯಕ್ಕಿಳಿ" ಎಂಬ ಕ್ರಮವನ್ನು ಪೋಪ್ ಇಪ್ಪತ್ತಮೂರನೇ ಜಾನ್ 1961ರಲ್ಲಿ ಇಡೀ ಧರ್ಮಸಭೆಗೆ ಶಿಫಾರಸು ಮಾಡಿದರು. ನೋಡಿಯಾಯಿತು. ಈಗ ಒಂದು ಸಂಜೆ ಕುಳಿತು ಪುಸ್ತಕವನ್ನು ಗಟ್ಟಿಯಾಗಿ ಓದಿ, ಪ್ರತಿಯೊಂದನ್ನೂ ಕೇಳಿ: ಇದು ಇವತ್ತಿನ ಹಸಿವೇ, ತಡೆದು ನಿಂತ ಹಕ್ಕೇ, ಅಥವಾ ತಲೆಮಾರುಗಳ ಗಂಟೇ?

ಹಸಿವಾದರೆ ಅಂದೇ ಅಕ್ಕಿ ಕೊಡಿ, ಚರ್ಚೆ ಬೇಡ. ಸಂತ ವಿನ್ಸೆಂಟ್ ದೇ ಪೌಲ್ ಸಭೆ ನಿಮ್ಮಲ್ಲಿದ್ದರೆ ಈ ಭಾಗವನ್ನು ಅವರಿಗೇ ಒಪ್ಪಿಸಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝಾನಮ್ ಮತ್ತು ಗೆಳೆಯರು ಅದನ್ನು ಕಟ್ಟಿದಾಗಿನಿಂದ ಬಡವರ ಮನೆಗೆ ತಾವೇ ಹೋಗುವುದು ಅವರ ಪದ್ಧತಿ. ಪಿಂಚಣಿ, ಪಡಿತರ, ಅಂಗವಿಕಲರ ಗುರುತಿನ ಚೀಟಿ, ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ, ಇವೆಲ್ಲ ತಡೆದು ನಿಂತ ಹಕ್ಕುಗಳು. ಮೊದಲ ವರ್ಷಕ್ಕೆ ಇವುಗಳಲ್ಲೊಂದನ್ನು ಆರಿಸಿ. ಭೂಮಿಯಂಥ ಗಂಟನ್ನು ಎರಡನೇ ವರ್ಷಕ್ಕೆ ಮೊದಲು ಮುಟ್ಟಬೇಡಿ ಎನ್ನುವುದು ನನ್ನ ಸಲಹೆ. ಸಣ್ಣದೊಂದು ಗೆದ್ದ ತಂಡಕ್ಕೆ ದೊಡ್ಡದನ್ನು ತಾಳಿಕೊಳ್ಳುವ ಉಸಿರು ಇರುತ್ತದೆ.

ಕಾಗದದ ದಾರಿ

ಅರ್ಜಿ ಯಾರದೋ ಅವರೇ ಕಚೇರಿಗೆ ಬರಬೇಕು, ಅವರೇ ಮಾತನಾಡಬೇಕು. ನೀವು ಪಕ್ಕದಲ್ಲಿ ನಿಲ್ಲಿ. ನಾನು ಇದರಲ್ಲಿ ತಪ್ಪಿದ್ದೇನೆ. ಬೇಗ ಆಗಲಿ ಎಂದು ನಾಲ್ಕೈದು ಜನರ ಕಾಗದವನ್ನು ನಾನೇ ಹಿಡಿದು ಓಡಾಡಿದೆ; ಕೆಲಸವಾಯಿತು, ಆದರೆ ಮುಂದಿನ ಸಲ ಅವರು ಮತ್ತೆ ನನ್ನ ಮನೆಯ ಬಾಗಿಲಿಗೇ ಬಂದರು. ಒಬ್ಬ ಹೊಸ ದಲ್ಲಾಳಿ ಹುಟ್ಟಿಕೊಂಡಿದ್ದ, ಹಣ ತೆಗೆದುಕೊಳ್ಳದ ದಲ್ಲಾಳಿ.

ಕೊಟ್ಟ ಪ್ರತಿ ಅರ್ಜಿಗೂ ದಿನಾಂಕವಿರುವ ಸ್ವೀಕೃತಿ ಪಡೆಯಿರಿ. ಸರ್ಕಾರಿ ಸೇವೆಯನ್ನು ಗೊತ್ತಾದ ಅವಧಿಯೊಳಗೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಯಾದರೆ ಸಕಾಲ ಸಂಖ್ಯೆ ಕೊಡಲೇಬೇಕು. ಆ ಸಂಖ್ಯೆಯಿಂದ ಅರ್ಜಿ ಎಲ್ಲಿದೆ ಎಂದು ನೋಡಬಹುದು, ಅವಧಿ ಮೀರಿದರೆ ಮೇಲ್ಮನವಿ ಹಾಕಬಹುದು. ಬಾಯಿಮಾತಿನಲ್ಲಿ "ಆಗುವುದಿಲ್ಲ" ಎಂದರೆ ಅದನ್ನು ಬರೆದು ಕೊಡಿ ಎಂದು ಕೇಳಿ, ಜಗಳದ ದನಿಯಲ್ಲಿ ಕೇಳುವುದು ಬೇಡ. ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಉತ್ತರಕ್ಕೆ 30 ದಿನ. "ಏಕೆ ಕೊಡಲಿಲ್ಲ" ಎಂದು ಕೇಳಬೇಡಿ. "ಈ ದಿನಾಂಕದ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ" ಎಂದು ಕೇಳಿ. ಕಾಗದ ಕೇಳಿದರೆ ಕಾಗದ ಬರುತ್ತದೆ.

ಧರ್ಮಕೇಂದ್ರದ ಒಂದು ರೂಪಾಯಿಯನ್ನೂ ಲಂಚಕ್ಕೆ ಕೊಡಬೇಡಿ. ಕೆಲಸ ಮೂರು ತಿಂಗಳು ತಡವಾದರೂ ಚಿಂತೆಯಿಲ್ಲ.

ವಕೀಲರು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ದೂರವಾಣಿ 15100. ಇದನ್ನು ಚರ್ಚಿನ ಸೂಚನಾ ಫಲಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಕಿ. ಜೊತೆಗೆ ಮಹಿಳೆಯರಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567, ತುರ್ತಿಗೆ 112.

ಭೂಮಿ ಎಂಬ ಗಂಟು

ಮಲೆನಾಡಿನಲ್ಲಿ ಕೇಳಲು ಹೋದವರಿಗೆ ಈ ಮಾತು ಬೇಗ ಎದುರಾಗುತ್ತದೆ: "ಅಜ್ಜನ ಕಾಲದಿಂದ ಇಲ್ಲೇ ಇದ್ದೇವೆ, ಹಕ್ಕುಪತ್ರ ಇಲ್ಲ." ಗೇಣಿ ಅಳೆಯುವ ಕೊಳಗದ ತಕರಾರಿನಿಂದ ಶುರುವಾಗಿ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿದ ನೆಲ ಇದು. 1964ರಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ಮುಳುಗಿ, ಎಬ್ಬಿಸಿದ ಜನರನ್ನು ತಂದು ಬಿಟ್ಟ ಜಾಗಗಳು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದವು. ರಾಜ್ಯದ ಮನೆಗಳಿಗೆ ಬೆಳಕು ಕೊಟ್ಟವರ ಮೊಮ್ಮಕ್ಕಳು ಇಂದಿಗೂ ಪಹಣಿಗಾಗಿ ಅಲೆಯುತ್ತಿದ್ದಾರೆ. ಇದನ್ನು ಬರೆಯುವಾಗ ನನಗೆ ಮನಸ್ಸು ಭಾರವಾಗುತ್ತದೆ.

ಹಾಗಾಗಿ ಇಲ್ಲಿ ಆತುರ ಬೇಡ. ಮೊದಲು ಸರ್ವೆ ನಂಬರ್ ಹಿಡಿದು ಆ ಜಾಗ ದಾಖಲೆಯಲ್ಲಿ ಏನೆಂದು ಇದೆ ನೋಡಿ: ಗೋಮಾಳವೇ, ಸೊಪ್ಪಿನಬೆಟ್ಟವೇ, ಕಾನೇ, ಮೀಸಲು ಅರಣ್ಯವೇ, ಅರಣ್ಯವೆಂದು ಪರಿಗಣಿಸಿದ ಡೀಮ್ಡ್ ಅರಣ್ಯವೇ? ಕಂದಾಯ ಭೂಮಿಯಾದರೆ, ಮಂಜೂರಾತಿಯಿಲ್ಲದ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್‌ಹುಕುಂ, ಅಂದರೆ ನಮೂನೆ 50, 53, 57ರ ದಾರಿ. ಹಳ್ಳಿಯ ಮನೆಯ ಜಾಗಕ್ಕೆ ಭೂಕಂದಾಯ ಕಾಯ್ದೆಯ 94ಸಿ ಕಲಂ. ಹಿಂದೆಯೇ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿಯನ್ನು ಹುಡುಕಿಸಿ. ಹಳೆಯ ಅರ್ಜಿ ಯಾವ ಹಂತದಲ್ಲಿದೆ ಎಂದು ತಿಳಿಯುವುದೇ ಎಷ್ಟೋ ಮನೆಗಳಿಗೆ ದೊಡ್ಡ ಸಹಾಯ.

ಅರಣ್ಯ ಭೂಮಿಯಾದರೆ 2006ರ ಅರಣ್ಯ ಹಕ್ಕು ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮೊದಲೇ ಅನುಭವದಲ್ಲಿರಬೇಕು. ಪರಿಶಿಷ್ಟ ಪಂಗಡದವರಿಗೆ ಇಷ್ಟು ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಅರ್ಜಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ, ಅಲ್ಲಿಂದ ಉಪವಿಭಾಗ ಸಮಿತಿಗೆ, ಕೊನೆಗೆ ಜಿಲ್ಲಾ ಸಮಿತಿಗೆ. ತಿರಸ್ಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕು, ಮೇಲ್ಮನವಿಗೆ 60 ದಿನ ಇರುತ್ತದೆ. ಪರಿಶೀಲನೆ ಪೂರ್ತಿಯಾಗುವ ತನಕ ಒಕ್ಕಲೆಬ್ಬಿಸುವಂತಿಲ್ಲ.

ಎಡವುವುದು ಆ 75 ವರ್ಷದ ಸಾಕ್ಷ್ಯದಲ್ಲಿ. ಸರ್ಕಾರಿ ಕಾಗದ ಮಾತ್ರವೇ ಸಾಕ್ಷ್ಯವೆಂದು ಜನ ತಿಳಿದಿದ್ದಾರೆ. ನಿಯಮಗಳಲ್ಲಿ ಊರಿನ ಹಿರಿಯರ ಲಿಖಿತ ಹೇಳಿಕೆ, ವಂಶಾವಳಿ, ಹಳೆಯ ಬಾವಿ, ಸ್ಮಶಾನ, ಪವಿತ್ರ ಸ್ಥಳ ಇವನ್ನೂ ಹೆಸರಿಸಲಾಗಿದೆ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಬೇಕು. ಧರ್ಮಕೇಂದ್ರದ ಕಪಾಟಿನಲ್ಲಿರುವ ಹಳೆಯ ಪುಸ್ತಕಗಳು ಉಪಯೋಗಕ್ಕೆ ಬರುವುದು ಇಲ್ಲಿಯೇ. ಜ್ಞಾನಸ್ನಾನದ, ಮದುವೆಯ, ಮರಣದ ದಾಖಲೆಗಳಲ್ಲಿ ತಂದೆತಾಯಿಯ ಹೆಸರು, ಊರಿನ ಹೆಸರು, ದಿನಾಂಕ ಇರುತ್ತವೆ. ಕಥೋಲಿಕ ಕುಟುಂಬಗಳ ವಂಶಾವಳಿಗೆ ಇದಕ್ಕಿಂತ ಗಟ್ಟಿಯಾದ ಪೂರಕ ಕಾಗದ ಸಿಗುವುದು ಕಷ್ಟ. ಫಾದರ್ ಸಹಿ ಮತ್ತು ಮೊಹರಿನೊಂದಿಗೆ ಪ್ರತಿ ಕೊಡಲಿ. ಕ್ರೈಸ್ತರಲ್ಲದ ನೆರೆಯವರಿಗಾಗಿ ದೇವರಬನದ ಕಲ್ಲನ್ನು, ಹಿರಿಯರ ಸಮಾಧಿಯನ್ನು ಜಿಪಿಎಸ್ ಗುರುತಿನೊಂದಿಗೆ ದಾಖಲಿಸಲು ನೆರವಾಗಿ. ಎಂಬತ್ತು ದಾಟಿದ ಅಜ್ಜಂದಿರ ಹೇಳಿಕೆಯನ್ನು ಈ ಮಳೆಗಾಲಕ್ಕೆ ಮೊದಲೇ ಬರೆಸಿಕೊಳ್ಳಿ. ನಾವು ಒಬ್ಬರ ಹೇಳಿಕೆಗೆ ದಿನ ಗೊತ್ತುಮಾಡಿ, ಮಳೆಯೆಂದು ಮುಂದೂಡಿದೆವು. ಆ ದಿನ ಮತ್ತೆ ಬರಲಿಲ್ಲ.

ಹಣ

ತಿಂಗಳಿಗೊಮ್ಮೆ ಪ್ರತ್ಯೇಕ ಲಕೋಟೆ ಸಾಕು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಧರ್ಮಸಭೆಯ ಸೇವಾಸಂಸ್ಥೆಯಾದ ಕಾರಿತಾಸ್ ಇಂಡಿಯಾದ ಹಸಿವು ಮತ್ತು ರೋಗದ ವಿರುದ್ಧದ ಅಭಿಯಾನಕ್ಕೆ ಕಾಣಿಕೆ ಎತ್ತುವುದು ರೂಢಿಯಲ್ಲಿದೆ. ಅದು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗಲಿ, ನಿಮ್ಮ ಖರ್ಚಿಗೆ ಮುಟ್ಟಬೇಡಿ. 2017ರಿಂದ ಆಚರಿಸುತ್ತಿರುವ ಬಡವರ ವಿಶ್ವದಿನ, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲಕ್ಕೆ ಎರಡು ಭಾನುವಾರ ಮೊದಲು ಬರುತ್ತದೆ. ಅಂದು ಊಟ ಹಾಕುವುದಾದರೆ ಬಡಿಸುವವರೂ ಅದೇ ಸಾಲಿನಲ್ಲಿ ಕುಳಿತು ಉಣ್ಣಲಿ.

ವಿದೇಶದ ಹಣದ ವಿಷಯದಲ್ಲಿ ಎಚ್ಚರ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಿಲ್ಲದೆ ವಿದೇಶಿ ದೇಣಿಗೆ ತೆಗೆದುಕೊಳ್ಳುವುದು ಅಪರಾಧ. ಗಲ್ಫ್‌ನಲ್ಲಿ ದುಡಿಯುವ ಭಾರತೀಯ ಪೌರರು ಬ್ಯಾಂಕಿನ ಮೂಲಕ ತಮ್ಮ ಉಳಿತಾಯದಿಂದ ಕಳಿಸಿದರೆ ಅದು ವಿದೇಶಿ ದೇಣಿಗೆಯಾಗದು; ಬೇರೆ ದೇಶದ ಪೌರತ್ವ ಪಡೆದವರು ಕಳಿಸಿದರೆ ಆಗುತ್ತದೆ. ಅನುಮಾನವಿದ್ದರೆ ನಿಮ್ಮ ಬಿಷಪರ ಧರ್ಮಕ್ಷೇತ್ರದ ಸಮಾಜ ಸೇವಾ ಕಚೇರಿಯನ್ನು ಕೇಳಿ. ಶಿವಮೊಗ್ಗ ಜಿಲ್ಲೆಯವರು 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, ಕೊಪ್ಪ, ಮೂಡಿಗೆರೆ ಕಡೆಯವರು ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರುತ್ತಾರೆ. ಪ್ರತಿ ತಿಂಗಳ ಲೆಕ್ಕವನ್ನು ಫಲಕದಲ್ಲಿ ಹಾಕಿ, ನೆರವು ಪಡೆದವರ ಹೆಸರಿಲ್ಲದೆ.

ಕಾಡು, ಜ್ವರ, ತೋಟದ ಸಾಲುಮನೆ

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂದಿಗೂ ಬಲಿಯಾಗುವವರು ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಬಡವರೇ. ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಹೆಚ್ಚುವ ಕಾಲ ಡಿಸೆಂಬರ್‌ನಿಂದ ಮೇ. ಆದ್ದರಿಂದ ಆಗಮನ ಕಾಲ ಶುರುವಾಗುವ ಮುನ್ನವೇ ಆರೋಗ್ಯ ಕೇಂದ್ರದವರನ್ನು ಭಾನುವಾರದ ಪೂಜೆಯ ನಂತರ ಹತ್ತು ನಿಮಿಷ ಮಾತನಾಡಲು ಕರೆಯಿರಿ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ತೈಲ ಊರಿಗೆ ಬಂದಿದೆಯೇ ಎಂದು ವಿಚಾರಿಸಿ, ಬಾರದಿದ್ದರೆ ಪಂಚಾಯಿತಿಗೆ ಬರೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಬೇಕು, ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಬೇಕು. ಭೂಮಿಯ ಕೂಗು ಮತ್ತು ಬಡವರ ಕೂಗು ಎರಡನ್ನೂ ಕೇಳಬೇಕೆಂದು ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದದ್ದನ್ನು ನಮ್ಮ ಕಾಡಂಚಿನಲ್ಲಿ ಓದಿದರೆ ಎರಡೂ ಒಂದೇ ದನಿಯಾಗಿ ಕೇಳಿಸುತ್ತವೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಜನ್ಮದಿನದ ಹಬ್ಬಕ್ಕೆ, ಮಕ್ಕಳು ಹೂವು ತರುತ್ತಾರೆ, ಹೊಸ ತೆನೆ ಮನೆಗೆ ಬರುತ್ತದೆ. ಆ ತೆನೆಯ ಗದ್ದೆಯಲ್ಲಿ ನಾಟಿ ಮಾಡಿದ ಹೆಂಗಸರನ್ನು ಅಂದು ಮುಂದಿನ ಸಾಲಿಗೆ ಕರೆಯಿರಿ.

ಕಾಫಿ ತೋಟಗಳ ಸಾಲುಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್ ಕಡೆಯವರು ಇದ್ದಾರೆ. ಅವರಲ್ಲಿ ಕಥೋಲಿಕರೂ ಇರುತ್ತಾರೆ, ಭಾಷೆ ಬಾರದೆ ಹಿಂದಿನ ಬೆಂಚಿನಲ್ಲಿ ಕುಳಿತು ಹೋಗುತ್ತಾರೆ. ಒಂದು ವಾಚನವನ್ನು ಹಿಂದಿಯಲ್ಲಿ ಅವರಿಂದಲೇ ಓದಿಸಿ. ಅವರ ಊರಿನ ಪಡಿತರ ಚೀಟಿಯಿಂದ ಇಲ್ಲಿಯೂ ಧಾನ್ಯ ಪಡೆಯಬಹುದು, ಮಕ್ಕಳನ್ನು ಅಂಗನವಾಡಿಗೆ ಸೇರಿಸಬಹುದು, ಅಸಂಘಟಿತ ಕಾರ್ಮಿಕರ ಇ-ಶ್ರಮ್ ಚೀಟಿ ಮಾಡಿಸಬಹುದು.

ನಮ್ಮ ಅಂಗಳ

ಪಂಚಾಯಿತಿಯ ಮುಂದೆ ನಿಲ್ಲುವ ಮೊದಲು ಚರ್ಚಿನ ಅಂಗಳವನ್ನು ನೋಡಿಕೊಳ್ಳಬೇಕು. ಗಂಟೆ ಬಾರಿಸುವವರ, ಗುರುನಿವಾಸದಲ್ಲಿ ಅಡುಗೆ ಮಾಡುವವರ ಸಂಬಳ ಎಷ್ಟು? ಕನಿಷ್ಠ ಕೂಲಿಯಾದರೂ ಇದೆಯೇ? ವಾರದ ರಜೆ ಇದೆಯೇ? ಹಬ್ಬದ ಮುಂದಾಳುತನ ಯಾವ ಮನೆತನಗಳಲ್ಲೇ ಸುತ್ತುತ್ತಿದೆ? ಹಬ್ಬದೂಟಕ್ಕೆ ಎಲೆ ಎತ್ತುವವರು ಪ್ರತಿ ವರ್ಷ ಯಾರು? ಈ ಪ್ರಶ್ನೆಗಳನ್ನು ಕೇಳಿದಾಗ ಸಭೆ ಮೌನವಾಗುತ್ತದೆ. ಕೇಳಿ. ದಲಿತ ಮೂಲದ ಕ್ರೈಸ್ತರಿಗೆ 1950ರ ರಾಷ್ಟ್ರಪತಿ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ನಮ್ಮ ರಾಜ್ಯದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ, ಆ ಪ್ರಮಾಣಪತ್ರವನ್ನಾದರೂ ಮಕ್ಕಳಿಗೆ ಮಾಡಿಸಿಕೊಡಿ. ಧರ್ಮಸಭೆಯೊಳಗಿನ ಜಾತಿಭೇದ ಪಾಪವೆಂದು ಭಾರತದ ಧರ್ಮಾಧ್ಯಕ್ಷರು ಹೇಳಿದ್ದಾರೆ, 2016ರಲ್ಲಿ ದಲಿತರ ಬಗ್ಗೆ ನೀತಿಯನ್ನೂ ಹೊರತಂದಿದ್ದಾರೆ. ನಮ್ಮ ಬೆಂಚುಗಳ ಸಾಲಿಗೆ ಅದು ಇನ್ನೂ ಪೂರ್ತಿಯಾಗಿ ತಲುಪಿಲ್ಲ.

ಮಕ್ಕಳೊಂದಿಗೆ ಮಾಡುವ ಯಾವುದೇ ಕೆಲಸದಲ್ಲಿ ಇಬ್ಬರು ದೊಡ್ಡವರು ಜೊತೆಗಿರಲಿ, ಒಬ್ಬರೇ ಬೇಡ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಆರೋಪ ಯಾರ ಮೇಲಿದ್ದರೂ ಒಳಗೇ ಮಾತುಕತೆ ಮಾಡಿ ಮುಗಿಸುವಂತಿಲ್ಲ. ಗಂಡನಿಂದ ಪೆಟ್ಟು ತಿಂದು ಬಂದ ಹೆಣ್ಣಿಗೆ "ಹೊಂದಿಕೊಂಡು ಹೋಗು" ಎಂದು ಹೇಳುವ ಹಕ್ಕೂ ನಿಮ್ಮ ತಂಡಕ್ಕೆ ಇಲ್ಲ.

ನೆರೆಹೊರೆಯವರಿಗೆ ನೆರವಾಗುವಾಗ ಅದರ ಜೊತೆ ಪ್ರಾರ್ಥನೆಯ ಕರೆ, ಪುಸ್ತಕ, ಶಿಲುಬೆ ಯಾವುದನ್ನೂ ಸೇರಿಸಬೇಡಿ. ವಿಶ್ವಾಸದಲ್ಲಿ ಬಲವಂತ ಸಲ್ಲದೆಂದು ವ್ಯಾಟಿಕನ್ ಮಹಾಸಭೆಯೇ 1965ರಲ್ಲಿ ಸ್ಪಷ್ಟವಾಗಿ ಹೇಳಿದೆ. ರೈತ ಸಂಘ, ದಲಿತ ಸಂಘಟನೆ, ಮಸೀದಿಯ ಸಮಿತಿ, ದೇವಸ್ಥಾನದ ಸಮಿತಿ, ಯಾರು ಅದೇ ಕೆಲಸ ಮಾಡುತ್ತಿದ್ದರೂ ಅವರೊಂದಿಗೆ ಗ್ರಾಮಸಭೆಗೆ ಹೋಗಿ ಒಟ್ಟಿಗೆ ಕುಳಿತುಕೊಳ್ಳಿ. ಚರ್ಚಿನ ಬ್ಯಾನರ್ ಬೇಕಾಗಿಲ್ಲ.

ವರ್ಷದ ಕೊನೆಗೆ

ಕ್ರಿಸ್ತರಾಜರ ಹಬ್ಬದ ಭಾನುವಾರ, ಆಗಮನ ಕಾಲಕ್ಕೆ ಒಂದು ವಾರ ಮೊದಲು, ತಂಡ ಕುಳಿತು ಆ ಉದ್ದ ಪುಸ್ತಕವನ್ನು ಮೊದಲ ಪುಟದಿಂದ ಓದಲಿ. ಮುಗಿದ ಹೆಸರಿನ ಮುಂದೆ ದಿನಾಂಕ ಬರೆಯಿರಿ. ಮುಗಿಯದವನ್ನು ಹೊಸ ಪುಸ್ತಕದ ಮೊದಲ ಪುಟಕ್ಕೆ ಎತ್ತಿ ಬರೆಯಿರಿ, ಕೊನೆಯ ಪುಟಕ್ಕೆ ಬೇಡ. ನಮ್ಮ ಈ ವರ್ಷದ ಪುಸ್ತಕದ ಮೊದಲ ಪುಟದಲ್ಲಿ ಹನ್ನೊಂದು ಹೆಸರುಗಳಿವೆ, ಏಳು ಭೂಮಿಗೆ ಸಂಬಂಧಿಸಿದವು. ಪಟ್ಟಿಯ ಎಂಟನೆಯ ಹೆಸರು ಟ್ರಂಕ್‌ನ ಅಜ್ಜಿಯದು. ಪಿಂಚಣಿ ಬರುತ್ತಿದೆ, ಮನೆಯ ಜಾಗದ 94ಸಿ ಅರ್ಜಿ ಇನ್ನೂ ತಾಲ್ಲೂಕು ಕಚೇರಿಯಲ್ಲಿದೆ. ಬುಧವಾರ ಅಜ್ಜಿಯ ಜೊತೆ ಅಲ್ಲಿಗೆ ಹೋಗುತ್ತಿದ್ದೇವೆ.